ಸದ್ದು ಯಾರದು?

ಶಬ್ದವು ಆಕಾಶದ ಗುಣ, ಹುಟ್ಟಿ ಅಳಿಯತಕ್ಕದ್ದು ಎಂದು ನೈಯಾಯಿಕರು ಹೇಳಿದರೆ, ಅದು ನಿತ್ಯವಾದದ್ದು, ಕಂಠತಾಲ್ವಾದಿಗಳ ವ್ಯಾಪಾರವು ಅದನ್ನು ಹುಟ್ಟಿಸದೆ ಕೇವಲ ವ್ಯಕ್ತಪಡಿಸುವುದೆಂದು ಮೀಮಾಂಸಕರು ವಾದಿಸಿದರು. ಈ ವಿವಾದವು ಪಂಡಿತರ ಸಭೆಯಲ್ಲಿಯೇ ಮುಗಿದುಹೋಯಿತೆಂದು ತಿಳಿದವರು, ಮನೆಯಲ್ಲಿ ಸಂಗೀತವನ್ನು ಕೇಳುತ್ತಿರುವಾಗ ಮೊಬೈಲಿಗೆ ಕರೆ ಬರುವ ಮುನ್ನವೇ ಆಂಪ್ಲಿಫೈಯರಿನಿಂದ ಹೊರಡುವ ಆ ಗರಗರ ಸದ್ದನ್ನು ಒಮ್ಮೆ ವಿಚಾರಕ್ಕೆ ತೆಗೆದುಕೊಳ್ಳಬಹುದು.

ಅದು ಫೋನಿನ ಸದ್ದೆನ್ನುವಂತಿಲ್ಲ. ಜಿಎಸ್‌ಎಂ ಫೋನು ಹೊರಸೂಸುವುದು ಸೆಕೆಂಡಿಗೆ ಸುಮಾರು 90 ಕೋಟಿ ಕಂಪನಗಳ ಅಲೆಯನ್ನು. ಮನುಷ್ಯನ ಕಿವಿ 20,000ಕ್ಕೆ ಸೋಲುತ್ತದೆ. ಆದರೆ ಒಂದೇ ಆವರ್ತನವನ್ನು ಎಂಟು ಫೋನುಗಳು ಸರದಿಯ ಮೇಲೆ ಹಂಚಿಕೊಳ್ಳುವ ಏರ್ಪಾಟಿನಿಂದಾಗಿ ಪ್ರತಿಯೊಂದೂ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ಮಿಡಿಯುತ್ತದೆ; ಆಂಪ್ಲಿಫೈಯರಿನ ಮೊದಲ ಟ್ರಾನ್ಸಿಸ್ಟರಿನ ಸಂಧಿಯು, ವಿದ್ಯುತ್ತನ್ನು ಎರಡು ದಿಕ್ಕಿಗೂ ಸಮನಾಗಿ ಹರಿಯಗೊಡದ ಸ್ವಭಾವದ್ದಾದುದರಿಂದ, ಆ ಸೂಕ್ಷ್ಮಕಂಪನವನ್ನು ತೊರೆದು ಈ ಮಿಡಿತವನ್ನಷ್ಟೇ ಹಿಡಿದು ಕಿವಿಗೆ ಒಪ್ಪಿಸುತ್ತದೆ. ಹಾಗಾದರೆ ಸದ್ದು ಅಲೆಯಲ್ಲಿ ಅವ್ಯಕ್ತವಾಗಿದ್ದು ಸಂಧಿಯಲ್ಲಿ ವ್ಯಕ್ತವಾಯಿತೆ, ಸಂಧಿಯಲ್ಲಿಯೇ ಹುಟ್ಟಿತೆ?

ಅಳತೆಯ ವಿದ್ಯೆ ನೈಯಾಯಿಕನ ಕಡೆಗೆ ವಾಲುವಂತೆ ನನಗೆ ತೋರುತ್ತದೆ. ಪ್ರಯೋಗಶಾಲೆಯಲ್ಲಿ ಮೀಟರೊಂದಕ್ಕೆ 3 ವೋಲ್ಟಿನಷ್ಟು ಕ್ಷೇತ್ರದಲ್ಲಿ ಉಪಕರಣವನ್ನಿರಿಸಿ, ಅಲೆಯ ಮೇಲೆ 1,000 ಹರ್ಟ್ಸಿನ ಸ್ವರವನ್ನು ಹೊರಿಸಿ, ಸ್ಪೀಕರಿನ ತುದಿಯಲ್ಲಿ ಆ ಸ್ವರವು ಎಷ್ಟು ಕಾಣಿಸಿತೆಂದು ನೋಡುತ್ತಾರೆ. ಅಲ್ಪಬಲದ ಅಲೆಯನ್ನು ಇಮ್ಮಡಿಸಿದರೆ ಹೊರಬರುವ ವೋಲ್ಟೇಜು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಕತ್ತಲೆಯ ಘಟವನ್ನು ತೋರಿಸುವ ದೀಪವು ಘಟದ ಪ್ರಮಾಣವನ್ನು ಬದಲಿಸದು. ವ್ಯಂಜಕವೆನಿಸಿದ ಈ ಸಂಧಿಯಾದರೋ ವರ್ಗಮಾಡಿಯೇ ಕೊಡುತ್ತದೆ. (ಮೀಮಾಂಸಕನು ಇಷ್ಟಕ್ಕೆ ಸೋಲೊಪ್ಪುವವನಲ್ಲ, ತಾನು ನಿತ್ಯವೆಂದದ್ದು ವರ್ಣಗಳನ್ನು, ಗರಗರ ಸದ್ದನ್ನಲ್ಲ ಎಂದಾನು.)

ಅಲೆಯು ಯಾವ ದಾರಿಯಿಂದ ಒಳಹೊಗುತ್ತದೆಂದು ಅರಿಯಲು ಪ್ರಯೋಗಶಾಲೆಯಿಲ್ಲದವನಿಗೆ ಅನ್ವಯವ್ಯತಿರೇಕವೇ ಗತಿ. ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಬೇಕು, ಫೆರೈಟ್ ಉಂಗುರವನ್ನು ತೊಡಿಸಿ ನೋಡಬೇಕು; ಒಳಬರುವ ತಂತಿಗಳೆಲ್ಲವನ್ನೂ ತೆಗೆದ ಮೇಲೆಯೂ ಸದ್ದು ಉಳಿದರೆ, ಹೊರಹೋಗುವ ಸ್ಪೀಕರಿನ ತಂತಿಯೇ ಅಲೆಯನ್ನು ಹಿಂಬಾಗಿಲಿನಿಂದ ಒಳಗೆ ಕರೆತರುತ್ತಿರಬಹುದು. ಇದಕ್ಕಿಂತಲೂ ವಿಚಿತ್ರವಾದ ದಾರಿಯೊಂದನ್ನು ನೀಲ್ ಮನ್ಸಿ ಎಂಬ ಶಬ್ದತಂತ್ರಜ್ಞರು 1994ರಲ್ಲಿ ತಮ್ಮ ಸಹೋದ್ಯೋಗಿಗಳ ಮುಂದಿಟ್ಟರು: ತಂತಿಯನ್ನು ಕಾಯಬೇಕಾದ ಲೋಹದ ಹೆಣಿಗೆಯನ್ನು ಪೆಟ್ಟಿಗೆಯ ಲೋಹದ ಮೈಗೆ ಸೇರಿಸಿ ಅಲ್ಲಿಯೇ ನಿಲ್ಲಿಸುವ ಬದಲು ಒಳಗಿನ ಸರ್ಕ್ಯೂಟಿನವರೆಗೆ ಎಳೆದೊಯ್ದರೆ, ಹಿಡಿದು ತಡೆದ ಅಲೆಯನ್ನು ಕಾವಲೇ ಮನೆಯೊಳಕ್ಕೆ ತಲುಪಿಸುತ್ತದೆ. ಬೆಸುಗೆಯನ್ನು ಕೆಲವು ಅಂಗುಲ ಈಚೆಗೆ ತಂದರೆ ಆ ದಾರಿ ಮುಚ್ಚುತ್ತದೆ. ಅಲೆಯೂ ಅದೇ, ಟ್ರಾನ್ಸಿಸ್ಟರೂ ಅದೇ, ಸದ್ದು ಮಾತ್ರವಿಲ್ಲ. ಶಬ್ದದ ಕಾರಣಗಳಲ್ಲಿ ಸಂಯೋಗವನ್ನೂ ಎಣಿಸಿದ್ದ ನೈಯಾಯಿಕನಿಗೆ ಇದು ಅಷ್ಟೇನೂ ಅಚ್ಚರಿಯೆನಿಸುತ್ತಿರಲಿಲ್ಲ.