ಮೊಳೆಹಲಗೆಯ ನ್ಯಾಯ

ನಮ್ಮ ಶಾಸ್ತ್ರಕಾರರು ಬಗೆಬಗೆಯ ‘ನ್ಯಾಯ’ಗಳನ್ನು ಹೇಳಿಟ್ಟಿದ್ದಾರೆ. ಕಾಗೆ ಬಂದು ಕುಳಿತ ಗಳಿಗೆಯಲ್ಲೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ತಿಳಿಯಬೇಡಿ ಎನ್ನುವುದು ಕಾಕತಾಲೀಯ ನ್ಯಾಯ. ಹುಳು ಮರವನ್ನು ಕೊರೆಯುತ್ತ ಹೋದ ದಾರಿ ಅಕ್ಷರದಂತೆ ಕಂಡರೆ ಹುಳುವಿಗೆ ಓದುಬರಹ ಬರುತ್ತದೆಂದು ಭ್ರಮಿಸಬೇಡಿ ಎನ್ನುವುದು ಘುಣಾಕ್ಷರ ನ್ಯಾಯ. ಹಿರಿಯರ ಈ ಪಟ್ಟಿಗೆ ನನ್ನದೂ ಒಂದನ್ನು ಸೇರಿಸುವ ಧಾರ್ಷ್ಟ್ಯವನ್ನು ಓದುಗರು ಕ್ಷಮಿಸಬೇಕು. ಅದರ ಹೆಸರು ಮೊಳೆಹಲಗೆಯ ನ್ಯಾಯ. ನಾನು ಅದನ್ನು ಮೊದಲು ಕಂಡದ್ದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ. ಅರ್ಥ ಮಾಡಿಕೊಳ್ಳಲು ಅರವತ್ತು ವರ್ಷ ಹಿಡಿಯಿತು.

1962ರ ಸುಮಾರಿನ ಮಾತು. ನನಗಾಗ ಹನ್ನೆರಡು ವರ್ಷ. ಹೊಸನಗರದ ಸೀಮೆಯ ನಮ್ಮ ಹಳ್ಳಿಯಿಂದ ಚಿಕ್ಕಪ್ಪ ನನ್ನನ್ನೂ ತಮ್ಮ ಮಗನನ್ನೂ ಜಾತ್ರೆಗೆ ಕರೆದುಕೊಂಡು ಹೋಗಿದ್ದರು. ಅವನು ನನಗಿಂತ ಎಂಟು ತಿಂಗಳಿಗೆ ಚಿಕ್ಕವನಾದರೂ ಮನೆಯ ಪದ್ಧತಿಯಂತೆ ನನ್ನನ್ನು ‘ಅಣ್ಣಯ್ಯ’ ಎಂದೇ ಕರೆಯುತ್ತಿದ್ದ. ತುಂಗೆಯಲ್ಲಿ ಮುಳುಗಿ, ರಾಮೇಶ್ವರನಿಗೆ ಕೈಮುಗಿದು, ಆಮೇಲೆ ನಾವಿಬ್ಬರೂ ತಲಾ ಎಂಟಾಣೆ ಮುಷ್ಟಿಯಲ್ಲಿ ಹಿಡಿದು ಓಡಿದ್ದು ಮಿಠಾಯಿ ಅಂಗಡಿಗಲ್ಲ, ಒಂದು ಹರಕು ಡೇರೆಗೆ. ಅಲ್ಲಿ ಇಳಿಜಾರಾಗಿ ಇಟ್ಟ ಒಂದು ಹಲಗೆ. ಅದರ ತುಂಬ ಅರ್ಧಚಂದ್ರಾಕಾರದಲ್ಲಿ ಹೊಡೆದ ಮೊಳೆಗಳು, ನಡುನಡುವೆ ಅಂಕಿ ಬರೆದ ಗುಳಿಗಳು. ಬಲಗಡೆಯ ಕಾಲುವೆಯಲ್ಲಿ ಗೋಲಿ ಇಟ್ಟು, ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಚಿಮ್ಮಿ, ಮೊಳೆಗಳಿಗೆ ಟಿಣಿಟಿಣಿ ತಾಗುತ್ತ ಕೆಳಗಿಳಿಯುತ್ತಿತ್ತು. ಪಟ್ಟಣದವರು ಅದನ್ನು ಬ್ಯಾಗಟೆಲ್ ಎನ್ನುತ್ತಿದ್ದರು. ನಮಗೆ ಅದು ಮೊಳೆಹಲಗೆ.

ನಡುವಿನ ಗುಳಿಗೆ ಗೋಲಿ ಬಿದ್ದವರಿಗೆ ಒಂದು ಬ್ಯಾಟರಿ. ನನ್ನ ಗೋಲಿ ಬಿತ್ತು, ಅವನದು ಬೀಳಲಿಲ್ಲ. ಎಂಟಾಣೆಯನ್ನೂ ಕಳೆದುಕೊಂಡು ಅವನು ಬರಿಗೈಯಲ್ಲಿ ನಿಂತ. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಬ್ಯಾಟರಿ ಹೊತ್ತಿಸಿ ಆರಿಸುತ್ತ ಅವನಿಗೆ ಪಾಠ ಹೇಳಿದೆ: ‘ನಿನಗೆ ಸ್ಪ್ರಿಂಗ್ ಎಳೆಯೋಕೆ ಬರಲ್ಲ ಮಾರಾಯ. ಅರ್ಧ ಎಳೆದು ಮೆಲ್ಲಗೆ ಬಿಡಬೇಕು.’ ಅವನು ಶ್ರದ್ಧೆಯಿಂದ ಕೇಳಿಸಿಕೊಂಡ. ನಿಜ ಹೇಳಬೇಕೆಂದರೆ ನಾನು ಎಷ್ಟು ಎಳೆದಿದ್ದೆನೆಂಬುದು ನನಗೇ ನೆನಪಿರಲಿಲ್ಲ.

ಈ ಹಲಗೆಯ ಕುಲ ಸಣ್ಣದಲ್ಲ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ತಮ್ಮ 1777ರಲ್ಲಿ ಪ್ಯಾರಿಸಿನ ಬಳಿ ಕಟ್ಟಿಸಿದ ಬ್ಯಾಗಟೆಲ್ ಎಂಬ ವಿಲಾಸಗೃಹಕ್ಕೂ ಇದಕ್ಕೂ ನಂಟು ಹೇಳುತ್ತಾರೆ. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೇಗ್ಯೂ ರೆಡ್‌ಗ್ರೇವ್ ಎಂಬಾತ ಕೋಲಿನ ಬದಲು ಸ್ಪ್ರಿಂಗನ್ನು ಜೋಡಿಸಿ ಹಕ್ಕು ಪಡೆದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅದಕ್ಕೆ ಗಾಜಿನ ಮುಚ್ಚಳ, ಕಾಸು ಹಾಕುವ ಕಿಂಡಿ ಬಂದು, ಅದು ಪಿನ್‌ಬಾಲ್ ಎಂಬ ಹೆಸರಿನಿಂದ ಊರೂರಿನ ಅಂಗಡಿಗಳನ್ನು ಸೇರಿತು. ಇದು ಆಟವಲ್ಲ, ಶಾಲಾಮಕ್ಕಳ ಜೇಬಿನ ಕಾಸು ಕದಿಯುವ ಜೂಜು ಎಂದು ನ್ಯೂಯಾರ್ಕಿನ ಮೇಯರ್ ಲಾಗ್ವಾರ್ಡಿಯಾ 1942ರಲ್ಲಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿಹಾಕಿದ. ಆ ನಿಷೇಧ ತೆರವಾದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯವರ ಎದುರಿಗೇ ಯಂತ್ರವನ್ನಿಟ್ಟು, ‘ಚೆಂಡು ಈಗ ನಡುವಿನ ದಾರಿಯಲ್ಲಿ ಇಳಿಯುತ್ತದೆ’ ಎಂದು ಮೊದಲೇ ಹೇಳಿ ಸ್ಪ್ರಿಂಗನ್ನು ಎಳೆದ. ಚೆಂಡು ಹಾಗೆಯೇ ಇಳಿಯಿತು. ಇದು ಜಾಣ್ಮೆಯ ಆಟವೆಂದು ಸಭೆ ಒಪ್ಪಿತು. ಅಂದು ಅದೃಷ್ಟವೂ ತನ್ನ ಕೈಹಿಡಿಯಿತೆಂದು ಶಾರ್ಪ್ ಆಮೇಲೆ ಹೇಳಿಕೊಂಡದ್ದುಂಟು!

ಕೈಯೋ, ಮೊಳೆಯೋ? ನಮ್ಮ ನ್ಯಾಯಾಲಯಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಇಸ್ಪೀಟಿನ ರಮ್ಮಿ ಪ್ರಧಾನವಾಗಿ ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ನಮ್ಮ ರಾಜ್ಯದ ವಿಡಿಯೋ ಆಟದ ಯಂತ್ರಗಳ ವ್ಯಾಜ್ಯ 1995ರಲ್ಲಿ ಅದೇ ಕೋರ್ಟಿನ ಮುಂದೆ ಬಂದಾಗ, ಜಾಣ್ಮೆಯೊಡನೆ ಅದೃಷ್ಟ ಬೆರೆತಿದ್ದರೂ ಸರ್ಕಾರ ಅಂಥ ಆಟವನ್ನು ಪರವಾನಗಿಯ ಹಿಡಿತದಲ್ಲಿಡಬಹುದೆಂದಿತು. ಯಂತ್ರವನ್ನೇ ತಿದ್ದಿ ಆಟಗಾರ ಗೆಲ್ಲದಂತೆ ಮಾಡಬಹುದೆಂಬುದನ್ನೂ ಗಮನಿಸಿತು. ಆಟದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಮನುಷ್ಯರ ಬಾಳನ್ನು ಅಳೆಯುವಾಗ ಇದರಲ್ಲಿ ಕಾಲು ಭಾಗವನ್ನಾದರೂ ತೋರಿಸುತ್ತೇವೆಯೆ?

ನನಗೆ ಈ ಪ್ರಶ್ನೆ ಎದುರಾದದ್ದು ನೀರಿನ ರೂಪದಲ್ಲಿ. ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾದಾಗ ಚೀಟಿ ಎತ್ತಿದ್ದರಂತೆ. ಹೊಳೆಯ ಕಡೆಯ ಫಲವತ್ತಾದ ಗದ್ದೆ, ತೋಟ, ಹೊಸ ಮನೆ ಚಿಕ್ಕಪ್ಪನಿಗೆ ಬಂದವು. ದಿಬ್ಬದ ಮೇಲಿನ ಹಳೆಯ ಮನೆ, ಬಡಕಲು ತೋಟ ನಮಗೆ. ಚಿಕ್ಕಪ್ಪನ ಅದೃಷ್ಟವೇ ಅದೃಷ್ಟವೆಂದು ಊರವರೆಲ್ಲ ಅಂದರು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. ಅಂಬುತೀರ್ಥದಲ್ಲಿ ಬೆರಳ ಗಾತ್ರಕ್ಕೆ ಹುಟ್ಟುವ ಶರಾವತಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಹಳ್ಳಿಗಳನ್ನು ನುಂಗಿದಳು. ಸಮುದ್ರಮಟ್ಟದಿಂದ 1819 ಅಡಿ ಎತ್ತರಕ್ಕೆ ನೀರು ನಿಲ್ಲುವುದೆಂದು ಒಂದು ಗೆರೆ. ಆ ಗೆರೆ ಚಿಕ್ಕಪ್ಪನ ಮನೆಯ ಮೇಲಿಂದ ಹೋಯಿತು, ನಮ್ಮ ಮನೆಯ ಕೆಳಗಿನಿಂದ ಹೋಯಿತು.

ಅವರು ಲಾರಿಯಲ್ಲಿ ಪಾತ್ರೆಪಗಡಿ, ಹಸುಕರು ಹೇರಿಕೊಂಡು ಶಿವಮೊಗ್ಗದ ಕಡೆಯ ಕಾಡಿಗೆ ಹೋದರು. ಪರಿಹಾರದ ಹಣ ಬಾವಿ ತೋಡುವುದರಲ್ಲಿ, ಜ್ವರಕ್ಕೆ ಮದ್ದು ತರುವುದರಲ್ಲಿ ಕರಗಿತು. ಹೀಗೆ ಎದ್ದುಹೋದವರಲ್ಲಿ ಅರವತ್ತು ವರ್ಷ ಕಳೆದರೂ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಕುಟುಂಬಗಳು ಇಂದಿಗೂ ಇವೆ. ನಮ್ಮ ಬಡಕಲು ತೋಟವೋ, ಅಡಿಕೆಯ ಧಾರಣೆ ಏರಿದಾಗ ನನ್ನನ್ನು ಕಾಲೇಜಿಗೆ ಕಳಿಸಿತು. ಬೆಂಗಳೂರಿನಲ್ಲಿ ನೌಕರಿಯಾಯಿತು, ಮನೆಯಾಯಿತು. ಎಲ್ಲವೂ ನನ್ನ ಶ್ರಮದ ಫಲವೆಂದೇ ನಾನು ನಂಬಿದ್ದೆ.

ಮೂವತ್ತು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅವನು ನಮ್ಮ ಮನೆಯ ಬಾಗಿಲಿಗೆ ಬಂದ. ಮಗನ ಕಾಲೇಜಿನ ಶುಲ್ಕಕ್ಕೆ ಸಾಲ ಬೇಕಾಗಿತ್ತು. ನನ್ನಲ್ಲಿ ಹಣವಿತ್ತು. ಆದರೂ ನಾನು ಕೊಟ್ಟದ್ದು ಕಾಫಿ ಮತ್ತು ಬುದ್ಧಿವಾದ. ‘ಆಗಲೇ ನೀವು ಸ್ವಲ್ಪ ಲೆಕ್ಕಾಚಾರದಿಂದ ನಡೆದಿದ್ದರೆ ಇವತ್ತು ಹೀಗೆ ಆಗ್ತಿರಲಿಲ್ಲ’ ಎಂದೆ. ಅವನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸಣ್ಣಗೆ ನಕ್ಕ. ‘ಹೌದು ಅಣ್ಣಯ್ಯ, ನನಗೆ ಆಗಲೂ ಸ್ಪ್ರಿಂಗ್ ಎಳೆಯೋಕೆ ಬರ್ತಿರಲಿಲ್ಲ’ ಎಂದ. ಆ ಹುಡುಗ ಓದು ಬಿಟ್ಟು ಒಂದು ಗ್ಯಾರೇಜಿಗೆ ಸೇರಿದನೆಂದು ಆಮೇಲೆ ತಿಳಿಯಿತು. ಅಂದಿನ ಮಾತನ್ನು ನಾನು ತಮಾಷೆಯೆಂದೇ ಎಣಿಸಿ ಮರೆತಿದ್ದೆ.

ಅದು ತಿರುಗಿ ನೆನಪಾದದ್ದು ಸಾಗರದಲ್ಲಿ, ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ. ಆಕಾಶಕ್ಕೇರುವ ತೊಟ್ಟಿಲುಗಳ, ಬಣ್ಣದ ದೀಪಗಳ ನಡುವೆ ಮೂಲೆಯ ಅಂಗಡಿಯೊಂದರಲ್ಲಿ ನನ್ನ ಬಾಲ್ಯದ ಮೊಳೆಹಲಗೆ ಇತ್ತು. ಮೊಮ್ಮಗ ಆಡಲು ನಿಂತ. ನಾನು ಬಗ್ಗಿ ನೋಡಿದೆ. ಹಲಗೆಯ ಒಂದು ಕಾಲಿನಡಿ ಮರದ ಚಕ್ಕೆಯೊಂದನ್ನು ತುರುಕಿದ್ದರು. ಮೋಸ ಹಿಡಿದೆನೆಂಬ ಉತ್ಸಾಹದಲ್ಲಿ ‘ಇದೇನಪ್ಪ?’ ಎಂದೆ. ಅಂಗಡಿಯವನು ಬೆದರಲಿಲ್ಲ. ‘ನೆಲ ಸಮ ಇಲ್ಲ ಸ್ವಾಮಿ, ಅದಕ್ಕೇ ಇಟ್ಟಿದ್ದೀನಿ. ಯಾವ ಕಾಲಿಗಿಟ್ಟರೂ ಒಬ್ಬರಿಗೆ ಲಾಭ, ಒಬ್ಬರಿಗೆ ನಷ್ಟ. ಗೆದ್ದವರು ಯಾರೂ ಇದುವರೆಗೆ ಕೆಳಗೆ ಬಗ್ಗಿ ನೋಡಿಲ್ಲ’ ಎಂದ.

ಗೆದ್ದವರು ಯಾರೂ ಬಗ್ಗಿ ನೋಡಿಲ್ಲ. ಆ ಮಾತು ನನ್ನೊಡನೆ ಬೆಂಗಳೂರಿನವರೆಗೂ ಬಂತು. ಇದೇ ನಾನು ಹೇಳುವ ನ್ಯಾಯ: ಗೆದ್ದವನು ತನ್ನ ಕೈಯನ್ನು ಹೊಗಳಿಕೊಳ್ಳುತ್ತಾನೆ, ಸೋತವನ ಕೈಯನ್ನು ದೂರುತ್ತಾನೆ, ಮೊಳೆಗಳನ್ನು ಇಬ್ಬರ ಲೆಕ್ಕದಿಂದಲೂ ಬಿಟ್ಟುಬಿಡುತ್ತಾನೆ.

ಹಾಗಾದರೆ ಎಲ್ಲವೂ ಹಣೆಬರಹ, ಮನುಷ್ಯಪ್ರಯತ್ನಕ್ಕೆ ಬೆಲೆಯಿಲ್ಲವೆ ಎಂದು ಓದುಗರು ಕೇಳಬಹುದು. ನಾನು ಹಾಗೆನ್ನಲಾರೆ. ಹಣೆಬರಹದ ಮಾತೂ ಗೆದ್ದವರಿಗೇ ಅನುಕೂಲವಾದದ್ದು. ‘ಅವನ ಹಣೆಯಲ್ಲಿ ಬರೆದಿರಲಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವುದು ಸುಲಭ. ಇಲ್ಲಿ ನನಗೆ ಪಿನ್‌ಬಾಲಿನ ಚರಿತ್ರೆಯ ಇನ್ನೊಂದು ಸಂಗತಿ ನೆರವಾಗುತ್ತದೆ. ಹಳೆಯ ಯಂತ್ರಗಳಲ್ಲಿ ಚೆಂಡನ್ನು ಚಿಮ್ಮಿಸಿದ ಮೇಲೆ ಆಟಗಾರ ಮಾಡಬಹುದಾದದ್ದು ಹೆಚ್ಚೇನೂ ಇರಲಿಲ್ಲ. 1947ರಲ್ಲಿ ಷಿಕಾಗೋದ ಗಾಟ್‌ಲೀಬ್ ಕಂಪೆನಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ಆರು ಪುಟ್ಟ ಕೈಗಳನ್ನು ಜೋಡಿಸಿತು. ಫ್ಲಿಪ್ಪರ್ ಎಂದು ಅವಕ್ಕೆ ಹೆಸರು. ಗುಂಡಿ ಒತ್ತಿದರೆ ಅವು ಬೀಳುತ್ತಿರುವ ಚೆಂಡನ್ನು ತಟ್ಟಿ ಮತ್ತೆ ಮೇಲಕ್ಕೆ ಕಳಿಸುತ್ತವೆ. ಇಳಿಜಾರು ಹೋಗಲಿಲ್ಲ, ಅಡೆತಡೆಗಳು ಹೋಗಲಿಲ್ಲ. ಬೀಳುವ ಚೆಂಡಿಗೆ ಇನ್ನೊಂದು ಅವಕಾಶ ಸಿಕ್ಕಿತು. ಆ ಆಟ ಜಾಣ್ಮೆಯ ಆಟವಾದದ್ದು ಅಲ್ಲಿಂದಲೇ.

ಮನುಷ್ಯಪ್ರಯತ್ನದ ಸ್ಥಾನ ಅಲ್ಲಿದೆಯೆಂದು ನನಗೆ ತೋರುತ್ತದೆ. ಗೋಲಿ ಗುಳಿಗೆ ಬಿದ್ದ ಹೆಮ್ಮೆಯಲ್ಲಲ್ಲ. ಬೀಳುತ್ತಿರುವುದನ್ನು ಕಂಡಾಗ ಚಾಚುವ ಕೈಯಲ್ಲಿ. ಜಲಾಶಯದ ಗೆರೆ ನನ್ನ ಕೈಯಲ್ಲಿರಲಿಲ್ಲ, ಪಾಲಿನ ಚೀಟಿ ನನ್ನ ಕೈಯಲ್ಲಿರಲಿಲ್ಲ. ಆ ಬೆಳಗ್ಗೆ ಬೀರುವಿನ ಬೀಗದ ಕೈ ಮಾತ್ರ ನನ್ನ ಕೈಯಲ್ಲೇ ಇತ್ತು. ನನ್ನ ಬಾಳಿನಲ್ಲಿ ಪೂರ್ತಿಯಾಗಿ ನನ್ನದೇ ಎನ್ನಬಹುದಾದ ಆಟ ಅದೊಂದೇ. ಅದನ್ನು ನಾನು ಸೋತೆ.

ಅವನು ಈಗಲೂ ಇದ್ದಾನೆ, ಕಣ್ಣು ಮಂದವಾಗಿದೆಯಂತೆ. ಈ ಬರಹ ಅಚ್ಚಾಗಿ, ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ, ಯಾರಾದರೂ ಅವನಿಗೆ ಓದಿ ಹೇಳಿಯಾರೆಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಅದೂ ಗೋಲಿಯನ್ನು ಮೊಳೆಗಳ ನಡುವೆ ಬಿಟ್ಟು ಕೈಕಟ್ಟಿ ನಿಂತಂತೆಯೇ ಅಲ್ಲವೆ? ಬರುವ ಎಳ್ಳಮಾವಾಸ್ಯೆಯವರೆಗೆ ಕಾಯದೆ, ಈ ವಾರವೇ ನಾನು ಅವನ ಊರಿನ ಬಸ್ಸು ಹತ್ತಬೇಕು.