ಕೊಡವೂ ಕಾಯವೂ

ಆತ್ಮಕ್ಕೆ ಲಿಂಗಭೇದವಿಲ್ಲವೆಂದು ನಮ್ಮ ವೇದಾಂತಿಗಳೂ ಶರಣರೂ ಶತಮಾನಗಳಿಂದ ಸಾರುತ್ತ ಬಂದಿದ್ದರೂ, ಗಂಡಾಗಿ ಹುಟ್ಟಿದ ಜೀವವೊಂದು ತನ್ನ ಅಂತರಂಗವನ್ನು ಹೆಣ್ಣೆಂದು ಅರಿತು ಸೀರೆಯುಟ್ಟು ಹೊಸ್ತಿಲಲ್ಲಿ ನಿಂತಾಗ, ಆ ತತ್ತ್ವವನ್ನು ನಿತ್ಯವೂ ಪಠಿಸುವವರೇ ಕದವಿಕ್ಕಿಕೊಂಡುದನ್ನು ನಾವೆಲ್ಲರೂ ಬಲ್ಲೆವು.

ಉತ್ತರ ಕರ್ನಾಟಕದಲ್ಲಿ ಅಂಥವರಿಗೆ ಆಶ್ರಯವಿತ್ತವಳು ದೇವಿ ಎಲ್ಲಮ್ಮ. ಆಕೆಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾದವರು ಚೌಡಿಕೆ ವಾದ್ಯದ ನಾದಕ್ಕೆ ಕುಣಿಯುವಾಗ ದೇವಿಯ ಕೊಡ ತಲೆಯ ಮೇಲಿರುತ್ತದೆ. ಕೈ ಅದನ್ನು ಹಿಡಿಯುವುದಿಲ್ಲ. ಸೊಂಟ ಬಳುಕುತ್ತದೆ, ಪಾದ ಸುತ್ತುತ್ತದೆ, ಕೊರಳು ಮಾತ್ರ ಗಾಳಿಯಿಲ್ಲದೆಡೆಯ ದೀಪದಂತೆ ನಿಶ್ಚಲ. ಚಲಿಸುವ ಕಾಯದೊಳಗೆ ಚಲಿಸದ ನೆಲೆಯೊಂದುಂಟೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವನ್ನು ನಾನು ಕಾಣೆ. (ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಕ್ರೂರ ಪದ್ಧತಿಯನ್ನು 1982ರ ಕಾಯಿದೆ ನಿಷೇಧಿಸಿದುದು ನ್ಯಾಯವೇ, ಆ ನೋವನ್ನು ಮರೆತು ಈ ಕುಣಿತವನ್ನು ಹೊಗಳಲಾಗದು.)

ಗಂಡಾಗಿ ಹುಟ್ಟಿದವರು ಹೆಣ್ಣಾಗಿ ಜೋಗತಿಯಾಗುವ ಈ ರೂಪಾಂತರ ದೇವಿಯ ಇಚ್ಛೆಯೋ, ಮನುಷ್ಯನ ಸಂಕಲ್ಪವೋ? ದೇವಿ ಮೈಮೇಲೆ ಬಂದಳೆಂದರೆ ಮಾತ್ರ ಲೋಕವು ಇವರನ್ನು ಒಪ್ಪುತ್ತದೆ. ದೇವಿಯ ಹೆಸರಿಲ್ಲದೆಯೂ ಅವರು ಹೆಣ್ಣೇ ಎಂಬುದನ್ನು ಒಪ್ಪಲಾರದು. ನನಗಾದರೋ, ತನ್ನ ನಿಜವನ್ನು ತಾನು ಮರೆಮಾಚದಿರುವ ಆ ಧೈರ್ಯವೇ ಪ್ರಸಾದವೆಂದು ತೋರುತ್ತದೆ.

ಅಂಥವರಲ್ಲೊಬ್ಬರಾದ, ಒಮ್ಮೆ ಭಿಕ್ಷೆ ಬೇಡಿ ಬದುಕಿದ ಮಂಜಮ್ಮ ಜೋಗತಿಯವರು, ಕಾಳವ್ವ ಜೋಗತಿಯವರಲ್ಲಿ ಈ ಕುಣಿತವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವ ಮುನ್ನ, ರಾಷ್ಟ್ರಪತಿಗಳ ಎದುರು ನಿಂತು, ಸೆರಗನ್ನು ಹಿಡಿದು, ತಾಯಿಯೊಬ್ಬಳು ಮಗುವಿಗೆ ಮಾಡುವಂತೆ ಅವರ ದೃಷ್ಟಿ ತೆಗೆದರು.