ತಾನು ಮಾಡಿದ್ದು ಉತ್ತಮವೆ?

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ನಮ್ಮ ಹಿರಿಯರು ಬೇಸಾಯಗಾರನಿಗಾಗಿ ಕಟ್ಟಿದರೆಂದು ತೋರುತ್ತದೆ. ಬೇಸಾಯದಲ್ಲಿ ಅದು ಒಪ್ಪತಕ್ಕ ಮಾತೇ. ತಾನು ಉತ್ತ ಹೊಲದಲ್ಲಿ ಬೆಳೆ ಬಂದರೂ ತನ್ನದು, ಹೋದರೂ ತನ್ನದು. ಆದರೆ ಹೊಲದ ಬದು ದಾಟಿ ಹತ್ತು ಜನರ ದಾರಿಗೆ ಬಂದ ಮೇಲೂ ಈ ಗಾದೆ ನಿಲ್ಲುತ್ತದೆಯೆ? ಈ ಸಂಶಯ ನನಗೆ ಹುಟ್ಟಿದ್ದು ವೇದಾಂತದಿಂದಲ್ಲ, ಒಂದು ಹಳೆಯ ಪಿಕಪ್ ಗಾಡಿಯಿಂದ.

ಜೀಪಿನ ಅಚ್ಚಿನಲ್ಲಿಯೇ ತಯಾರಾದ, ಮುಂದೆ ಇಬ್ಬರು ಕೂತು ಹಿಂದೆ ಸಾಮಾನು ತುಂಬುವ ಇಂಥ ಗಾಡಿಗಳನ್ನು ಮಲೆನಾಡಿನಲ್ಲಿ ಕಾಣದವರಿಲ್ಲ. ಅಡಕೆಯ ಮೂಟೆ, ಗೊಬ್ಬರ, ಸೌದೆ, ಕೆಲವೊಮ್ಮೆ ಅವುಗಳ ಮೇಲೆಯೇ ಕುಳಿತ ಆಳುಗಳು—ಎಲ್ಲವನ್ನೂ ಅವು ಹೊರುತ್ತವೆ. ನನ್ನ ಬಳಿ ಇರುವ ಒಂದರ ರಿಪೇರಿಯನ್ನು ಆದಷ್ಟು ನಾನೇ ಮಾಡುತ್ತೇನೆ. ಹಣದ ಉಳಿತಾಯ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹಳೆಯ ಗಾಡಿ ತನ್ನ ಗುಟ್ಟನ್ನು ಬಚ್ಚಿಡುವುದಿಲ್ಲ. ಬಾನೆಟ್ ಎತ್ತಿದರೆ ಫ್ಯಾನ್ ಬೆಲ್ಟು, ರೇಡಿಯೇಟರು, ಎಣ್ಣೆಯ ಕೊಳವೆಗಳು ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಎಟಕುತ್ತವೆ. ಡೀಸೆಲ್ ಫಿಲ್ಟರನ್ನು ಬದಲಾಯಿಸಿದಾಗ ಕೊಳವೆಯಲ್ಲಿ ಗಾಳಿ ಸೇರಿ ಎಂಜಿನ್ ಮೌನವ್ರತ ಹಿಡಿಯುತ್ತದೆ. ಒಂದು ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ತಿಳಿಯಾದ ಎಣ್ಣೆ. ತಿರುಪನ್ನು ಬಿಗಿದು ಕೀಲಿ ತಿರುಗಿಸಿದರೆ ಗಾಡಿ ಬಾಯಿಬಿಡುತ್ತದೆ. ಕಾರ್ಯಕಾರಣ ಸಂಬಂಧ ಇಷ್ಟು ನಿಚ್ಚಳವಾಗಿ ಕಾಣುವ ಸಂದರ್ಭಗಳು ಬಾಳಿನಲ್ಲಿ ಎಷ್ಟಿವೆ? ಜೊತೆಗೆ, ತಪ್ಪಾದರೆ ದೂರಲು ಬೇರೊಬ್ಬರಿಲ್ಲ ಎಂಬ ಶಿಸ್ತೂ ಇದರಿಂದ ಬರುತ್ತದೆ.

ಆದರೆ ರಿಪೇರಿಯಲ್ಲಿ ಎರಡು ಜಾತಿಯುಂಟು. ಒಂದು ಕೆಟ್ಟರೆ ಗಾಡಿ ಹೊರಡುವುದಿಲ್ಲ. ಇನ್ನೊಂದು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ. ಮೊದಲನೆಯದರ ನಷ್ಟ ನನ್ನದು: ಬಿಸಿಲಲ್ಲಿ ನಾಲ್ಕು ಮೈಲಿ ನಡೆದರೆ ಮುಗಿಯಿತು. ಎರಡನೆಯದು ಹಾಗಲ್ಲ.

ಬ್ರೇಕಿನ ವಿಷಯವನ್ನೇ ತೆಗೆದುಕೊಳ್ಳಿ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರು ಎಣ್ಣೆಯನ್ನು ಕೊಳವೆಗಳ ಮೂಲಕ ಚಕ್ರಗಳಿಗೆ ಒತ್ತುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಮಂಡಲ. ಎಲ್ಲಿ ಸೋರಿದರೂ ನಾಲ್ಕೂ ಕೈಕೊಡುತ್ತವೆ. ಆ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿಗೂ ಕಡಮೆ ನೀರು ಸೇರಿದರೆ ಸಾಕು, ಅದು 140 ಡಿಗ್ರಿಯಲ್ಲಿಯೇ ಕುದಿಯಬಹುದು. ಊರೊಳಗಿನ ಮಟ್ಟಸ ರಸ್ತೆಯಲ್ಲಿ ಇದರ ಸುಳಿವೂ ಸಿಕ್ಕದು. ತುಂಬಿದ ಗಾಡಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ತಿರುವು ತಿರುವಿಗೂ ಬ್ರೇಕು ಕಾಯುತ್ತದೆ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಆವಿಯನ್ನು ಎಷ್ಟು ಒತ್ತಿದರೂ ಅದು ಕುಗ್ಗೀತೇ ಹೊರತು ಚಕ್ರವನ್ನು ಹಿಡಿಯದು. ಆಗ ಪೆಡಲ್ ನೆಲ ಮುಟ್ಟುತ್ತದೆ. ಕೆಳಗಿನ ತಿರುವಿನಲ್ಲಿ ಮೋಟಾರು ಸೈಕಲ್ಲಿನಲ್ಲಿ ಬರುವ ಗಂಡಹೆಂಡಿರಿಗೆ ನನ್ನ ಸ್ವಾವಲಂಬನೆಯ ಅರಿವಿಲ್ಲ. ಅದಕ್ಕೆ ಅವರ ಒಪ್ಪಿಗೆಯನ್ನೂ ನಾನು ಕೇಳಿಲ್ಲ.

ಹಾಗಾದರೆ ಬ್ರೇಕನ್ನು ಮೆಕ್ಯಾನಿಕ್ಕನಿಗೇ ಬಿಟ್ಟು ಕೈಕಟ್ಟಿ ಕೂರಬೇಕೆ? ಅದೂ ಪೂರ್ತಿ ಉತ್ತರವಲ್ಲ. ಅವನ ಮುಂದೆ ಹತ್ತು ಗಾಡಿಗಳು ಸಾಲು ನಿಂತಿರುತ್ತವೆ. ಚಕ್ರ ಬಿಚ್ಚಿದವನು ಕೆಲಸ ಕಲಿಯಲು ಬಂದ ಹುಡುಗನಿರಬಹುದು. ನನಗಿರುವುದು ಒಂದೇ ಗಾಡಿ, ಅದರಲ್ಲಿ ಕೂರುವವರು ನನ್ನ ಮನೆಯವರು. ಶ್ರದ್ಧೆಯಲ್ಲಿ ನಾನೇ ಒಂದು ಕೈ ಮೇಲಿರಬಹುದು. ಸರ್ಕಾರದ ತಪಾಸಣೆಯುಂಟಲ್ಲ ಎನ್ನುವಿರಿ. 1988ರ ಮೋಟಾರು ವಾಹನ ಕಾಯ್ದೆ ಸರಕಿನ ಗಾಡಿಗೆ ಯೋಗ್ಯತಾ ಪತ್ರ ಬೇಕೆನ್ನುತ್ತದೆ, ನಿಜ. ಆದರೆ ಆ ಪತ್ರ ಹೇಳುವುದು ತಪಾಸಣೆಯಾದ ದಿನದ ಸ್ಥಿತಿಯನ್ನು. ಮುಂದಿನ ಮಳೆಗಾಲದಲ್ಲಿ ಎಣ್ಣೆ ಎಷ್ಟು ತೇವ ಕುಡಿಯಿತೆಂಬುದನ್ನು ಅದು ಹೇಳಲಾರದು.

ಯೋಚಿಸಿದಷ್ಟೂ ನನಗೆ ತೋರುವುದಿಷ್ಟು. ಮಾಡುವ ಹಕ್ಕು ಬೇರೆ, ‘ಸರಿಯಾಯಿತು’ ಎಂದು ತೀರ್ಪು ಕೊಡುವ ಹಕ್ಕು ಬೇರೆ. ಗಾದೆ ಇವೆರಡನ್ನೂ ಒಬ್ಬನಿಗೇ ಕೊಟ್ಟುಬಿಟ್ಟಿದೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಕೋರ್ಟಿನಲ್ಲಿ ಎಲ್ಲರೂ ಒಪ್ಪಿದ ಮಾತು. ಸ್ಪ್ಯಾನರು ಹಿಡಿದವನಿಗೂ ಅದು ಸಲ್ಲಬೇಕು. ತಾನು ಬರೆದದ್ದರ ಕರಡಚ್ಚನ್ನು ತಾನೇ ತಿದ್ದುವವನ ಕಣ್ಣಿಗೆ ತಪ್ಪುಗಳು ಬೀಳುವುದಿಲ್ಲ. ಅವನು ಓದುವುದು ಅಚ್ಚಾದದ್ದನ್ನಲ್ಲ, ಮನಸ್ಸಿನಲ್ಲಿರುವುದನ್ನು. ನಟ್ಟು ಬಿಗಿದವನೂ ಹಾಗೆಯೇ. ಬಿಗಿದೆನೆಂಬ ನೆನಪನ್ನೇ ಬಿಗಿದ ನಟ್ಟೆಂದು ತಿಳಿಯುತ್ತಾನೆ.

ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯಲು ಹಳೆಯ ಪದ್ಧತಿಯಲ್ಲಿ ಇಬ್ಬರು ಬೇಕು: ಒಬ್ಬ ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಚಕ್ರದ ಬಳಿ ಕುಳಿತು ನಿಪ್ಪಲನ್ನು ಸಡಿಲಿಸಿ ಬಿಗಿಯಬೇಕು. ಹೇಗೂ ಒಬ್ಬರನ್ನು ಕರೆಯಲೇಬೇಕಾದರೆ ವಿಷಯ ಬಲ್ಲವರನ್ನೇ ಕರೆಯೋಣ. ಅವರು ಕಾಲನ್ನಷ್ಟೇ ಅಲ್ಲ, ಕಣ್ಣನ್ನೂ ಕೊಡಲಿ. ನಾನು ಬಿಗಿದದ್ದನ್ನು ಮತ್ತೊಮ್ಮೆ ಮುಟ್ಟಿ ನೋಡಲಿ. ಅವರು ‘ಇವತ್ತು ಘಾಟಿ ಇಳಿಯುವುದು ಬೇಡ’ ಎಂದರೆ, ಗಾಡಿ ನನ್ನದೇ ಆದರೂ, ಅಡಕೆಯ ಮೂಟೆ ಇನ್ನೊಂದು ದಿನ ಮನೆಯಲ್ಲೇ ಇರಬೇಕು.